ಬೈಠಕ್ ಇಪ್ಪತ್ತು

ಪೊಲೀಸ್ ಕಾರ್ಯಾಚರಣೆಯಾದ ಮರುವರ್ಷ ಬೀದರಿನ ಆಸ್ಪತ್ರೆಯಲ್ಲಿ ನನ್ನ ಮೂಲವ್ಯಾಧಿಯನ್ನು ಕೊಯ್ದು ತೆಗೆದರು. ದಿನಚರಿಯ ಆ ಸೋಮವಾರದ ಪುಟದಲ್ಲಿ ಎರಡೇ ಸಾಲುಗಳಿವೆ: "ಬೆಳಿಗ್ಗೆ ಆಪರೇಷನ್. ಪರೀಕ್ಷೆಗೆ ಇನ್ನು ಹದಿನಾರು ದಿನ."

ಪರೀಕ್ಷೆ ಮಾಸ್ತರಿಕೆಯದು. ಅಲ್ಲಿಯವರೆಗೆ ಉರ್ದುವಿನಲ್ಲಿ ನಡೆದಿದ್ದ ಔರಾದ ಕಡೆಯ ಶಾಲೆಗಳಿಗೆ ಕನ್ನಡ ಕಲಿಸುವವರು ಬೇಕಾಗಿದ್ದರು. ನಮ್ಮೂರು ಠಾಣಾ ಕುಶನೂರಿಗೂ ಒಬ್ಬರು ಬೇಕಿತ್ತು. ಆ ಒಬ್ಬ ನಾನೇ ಆಗಬೇಕೆಂದು ನಾನು ತೀರ್ಮಾನಿಸಿ ಆಗಿತ್ತು. ಬೀದರಿನಲ್ಲಿ, ಮರದ ಬೆಂಚಿನ ಮೇಲೆ, ಮೂರು ಗಂಟೆ ಕೂತು ಬರೆಯಬೇಕು. ಬರೆಯುವುದಕ್ಕೆ ನನಗೆ ಭಯವಿರಲಿಲ್ಲ. ಕೂರುವುದಕ್ಕಿತ್ತು.

ಗುರುವಾರ ಡಾಕ್ಟರ್ ಸಾಹೇಬರು ಮುಖವೆತ್ತದೆ ಒಂದು ಚೀಟಿ ಬರೆದು ಕೊಟ್ಟರು. ಮೂರು ದಿನ ನನ್ನನ್ನು ಪರೀಕ್ಷಿಸಿದ್ದರೂ ಅವರಿಗೆ ನನ್ನ ಮುಖದ ಪರಿಚಯವಾಗಿರಲಿಲ್ಲ. ಚೀಟಿ ಉರ್ದುವಿನಲ್ಲಿತ್ತು: "ಗರಮ್ ಪಾನಿ, ಬೈಠಕ್, ಬೀಸ್. ದಿನಕ್ಕೆ ಮೂರು ಸಲ." ಅಷ್ಟೇ. ಒಂದು ಪದ ಹೆಚ್ಚು ಬರೆದಿದ್ದರೆ ಸರ್ಕಾರದ ಶಾಯಿ ಮುಗಿದುಹೋಗುತ್ತಿತ್ತೋ ಏನೋ.

ಕರೆದೊಯ್ಯಲು ಬಂದವರು ಭಾಲ್ಕಿಯ ಸೋದರಮಾವ. ಬೀದರಿನಿಂದ ಭಾಲ್ಕಿಯವರೆಗೆ ರೈಲಿನಲ್ಲಿ ನಾನು ನಿಂತೇ ಬಂದೆ. ಖಾಲಿ ಜಾಗ ತೋರಿಸಿ "ಕುಂಡ್ರು, ತಮ್ಮಾ" ಎಂದವರು ಏಳು ಮಂದಿ. ಎಲ್ಲರನ್ನೂ ಎಣಿಸಿದ್ದೇನೆ.

ಮಾವ ಓದು ಕಲಿತವರಲ್ಲ, ಆದರೆ ಹರೆಯದಲ್ಲಿ ತಾಲೀಮಿನಲ್ಲಿ ಕುಸ್ತಿ ಕಲಿತವರು. ಅದೊಂದೇ ವಿದ್ಯೆಯನ್ನು ಜಗತ್ತಿನ ಎಲ್ಲದಕ್ಕೂ ಹಚ್ಚುತ್ತಿದ್ದರು. ಚೀಟಿ ಓದಿ ಹೇಳಿದೆ.

"ಬೈಠಕ್ ಇಪ್ಪತ್ತೇ?" ಎಂದು ನಕ್ಕರು. "ಡಾಕ್ಟರ್ ಭಾಳ ನಾಜೂಕ ಮನಷ್ಯಾ ಇದ್ದಾನ. ನಾ ಒಂದೇ ದಮ್ಮಿಗಿ ಇನ್ನೂರು ಹೊಡೀತಿದ್ದೆ."

ಕುಸ್ತಿಯವರ ಮಾತಿನಲ್ಲಿ ಬೈಠಕ್ ಎಂದರೆ ಬಸ್ಕಿ. "ಮಾವಾ, ಹೊಲಿಗಿ ಹಸಿ ಅದರಿ" ಎಂದೆ.

"ಅದಕ್ಕೇ ಹೇಳ್ಯಾನ. ರಕ್ತ ಓಡಬೇಕು, ಗಾಯ ಮಾಯಬೇಕು. ಮೊದಲ ಬಿಸಿನೀರು ಕುಡಿ, ಆಮ್ಯಾಲ ಹೊಡಿ. ಉರ್ದು ಓದಿದಾಂವ ನೀನು, ಬರದದ್ದು ನಂಬಂಗಿಲ್ಲೇನು?"

ನಂಬಿದೆ. ಉರ್ದುವಿನಲ್ಲಿ ತರಗತಿಗೆ ಮೊದಲಿಗನಾಗಿದ್ದ ನಾನು, ಬರೆದದ್ದನ್ನು ಅಕ್ಷರಶಃ ಪಾಲಿಸುವವನು, ಶುಕ್ರವಾರ ಬೆಳಿಗ್ಗೆ ಒಂದು ತಂಬಿಗೆ ಬಿಸಿನೀರು ಕುಡಿದು, ಗೋಡೆ ಹಿಡಿದು ಬಸ್ಕಿ ಹೊಡೆಯತೊಡಗಿದೆ. ಪಕ್ಕದಲ್ಲಿ ನಿಂತು ಮಾವ ಎಣಿಸುತ್ತಿದ್ದರು. ನನ್ನ ಬೆನ್ನು ಬಾಗಿದರೆ ಆ ಬಸ್ಕಿಯನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ನೋವಿಗೆ ನಾನು ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತಿದ್ದೆ. ಅರವತ್ತು ದಾಟಿದರೆ ಪ್ರಥಮ ದರ್ಜೆ. ದಿನಚರಿ ಹೀಗಿದೆ: "ಶುಕ್ರವಾರ ಬೆಳಿಗ್ಗೆ, ಬೈಠಕ್ 20, ನೋವು 78. ಮಧ್ಯಾಹ್ನ, ಬೈಠಕ್ 20, ನೋವು 86. ಸಂಜೆ, ಬೈಠಕ್ 14, ನೋವು 95, ಬಿದ್ದೆ." ಬಿದ್ದದ್ದಕ್ಕೆ ಮಾವ ಕೊಟ್ಟ ಕಾರಣ, ಮನೆಯ ನೆಲ ಸಮನಾಗಿಲ್ಲ.

ನೋಡಲು ಬಂದವರ ಜಾಣತನ ಇದಕ್ಕಿಂತ ಹೆಚ್ಚಿನದೇನಲ್ಲ. "ಎಲ್ಲಿ ಆಪರೇಷನ್, ಹೊಟ್ಟಿಗೇನು?" ಎಂದು ಒಬ್ಬರು ಕೇಳಿದರು. ಮಾವ ಜಗುಲಿಯಿಂದಲೇ, ಓಣಿಗೆಲ್ಲ ಕೇಳುವಂತೆ, "ಅಲ್ಲರಿ, ಅದರ ಹಿಂದಿನ ಕಡೀ" ಎಂದರು. ಇನ್ನೊಬ್ಬರು ಊಟ ಬಿಟ್ಟರೆ ಸಂಡಾಸಿನ ಗೋಜೇ ಇಲ್ಲವೆಂದರು. ಅದನ್ನೂ ಒಂದು ದಿನ ಪಾಲಿಸಿದೆ. ಜಗತ್ತಿನ ಮೂರ್ಖರ ಪಟ್ಟಿಯನ್ನು ನಾನು ಶ್ರದ್ಧೆಯಿಂದ ಮಾಡುತ್ತಿದ್ದೆ, ನನ್ನ ಹೆಸರನ್ನು ಬಿಟ್ಟು.

ಶನಿವಾರ ಬೆಳಿಗ್ಗೆ ಒಂಬತ್ತನೆಯ ಬಸ್ಕಿಗೆ ಧೋತರ ರಕ್ತವಾಯಿತು. ಅಡುಗೆ ಮನೆಯಿಂದ ಅತ್ತೆ ಓಡಿ ಬಂದರು. ಎರಡು ದಿನ ಗಂಡಸರ ವಿಷಯವೆಂದು ದೂರ ಉಳಿದಿದ್ದವರು.

"ಏನು ನಡಸೀರಿ ಇದು? ಹುಡುಗನ್ನ ಕೊಲ್ಲಾಕ ತಂದೀರೇನು?"

"ಡಾಕ್ಟರ್ ಬರದು ಕೊಟ್ಟಾನ" ಎಂದರು ಮಾವ.

"ಏನು ಬರದಾನ? ನನಗೂ ಓದ್ರಿ."

ಗೋಡೆಗೆ ಒರಗಿಕೊಂಡೇ ನಾನು ಓದಿದೆ: ಗರಮ್ ಪಾನಿ, ಬೈಠಕ್, ಬೀಸ್.

ಅತ್ತೆ ಹಣೆ ಚಚ್ಚಿಕೊಂಡರು. "ಬಿಸಿನೀರಾಗ ಕುಂಡ್ರು ಅಂತಾನ. ಬಾಣಂತ್ಯಾರಿಗಿ ನಾವು ಕುಂಡ್ರಸಂಗಿಲ್ಲೇನು? ಅವರಿಗಿ ಬಸ್ಕಿ ಹೊಡಸ್ತೀವೇನ್ರಿ?"

"ಬೈಠಕ್ ಅಂದ್ರ..." ಎಂದು ಮಾವ ಶುರುಮಾಡಿದರು.

"ಹೊರಗಿನ ಖೋಲಿಗೂ ಬೈಠಕ್ ಅಂತೀರಲ್ಲ, ಅಲ್ಲಿ ಬಂದಾವರು ಕುಂಡ್ರತಾರೋ, ಬಸ್ಕಿ ಹೊಡೀತಾರೋ?"

ಬೀಸ್ ಎಂದರೆ ಇಪ್ಪತ್ತು ನಿಮಿಷ. ಓದಲು ಬಾರದ ಹೆಂಗಸಿಗೆ ತಿಳಿದದ್ದು ಓದಿದ ನನಗೆ ತಿಳಿಯಲಿಲ್ಲ. ಆ ದಿನ ಪಟ್ಟಿಯಲ್ಲಿ ನನ್ನ ಹೆಸರನ್ನೂ ಬರೆದೆ, ಮಾವನ ಹೆಸರಿನ ಮೇಲೆ.

ರೊಟ್ಟಿ ಹಿಟ್ಟು ನಾದುವ ದೊಡ್ಡ ಪರಾತದಲ್ಲಿ ಅತ್ತೆ ಬೆಚ್ಚಗಿನ ನೀರು ತುಂಬಿಸಿ ಬಚ್ಚಲಿನಲ್ಲಿಟ್ಟರು. "ಇನ್ನ ಇದರಾಗ ರೊಟ್ಟಿ ಹಿಟ್ಟು ನಾದಂಗಿಲ್ಲ. ಇದು ನಿನಗೇ ಇರಲಿ, ಮಾಸ್ತರ ಆದ ಮ್ಯಾಲ ಸಾಲಿಗಿ ಒಯ್ಯಿ" ಎಂದರು. ಇಪ್ಪತ್ತು ನಿಮಿಷ ಕೂತೆ. ನೋವು 88ರಿಂದ 41ಕ್ಕೆ ಇಳಿಯಿತು. ಎರಡು ಸಲ ತಿದ್ದಿ ಬರೆದೆ, ನನಗೇ ನಂಬಿಕೆಯಾಗಲಿಲ್ಲ. ಅಂದಿನಿಂದ ದಿನಕ್ಕೆ ಮೂರು ಸಲ ನೀರು, ಖಾರವಿಲ್ಲದ ಬೇಳೆ, ಮೆತ್ತಗಿನ ಅನ್ನ, ಇಸಬಗೋಲ. ಬೆಳಗಿನ ಸಂಡಾಸಿನ ಅಂಕ ಮಾತ್ರ ಹಟಮಾರಿ, ಎಪ್ಪತ್ತರಿಂದ ಕೆಳಗಿಳಿಯಲು ಆರು ದಿನ ತೆಗೆದುಕೊಂಡಿತು.

ಪರೀಕ್ಷೆಯ ದಿನ ಅತ್ತೆ ಹಳೆಯ ಸೀರೆ ಹರಿದು ಒಂದು ಸಿಂಬಿ ಸುತ್ತಿ ಕೊಟ್ಟರು. ಕೊಡ ಹೊರುವಾಗ ತಲೆಯ ಮೇಲಿಡುವ ಸಿಂಬಿ, ಅದಕ್ಕಿಂತ ಸ್ವಲ್ಪ ದೊಡ್ಡದು. ಬೆಂಚಿನ ಮೇಲೆ ಅದನ್ನಿಟ್ಟು ಕೂತೆ. ಮೇಲ್ವಿಚಾರಕರು ಮೀಸೆ ತಿರುವುತ್ತ ಬಂದರು.

"ಏನ್ರಿ ಅದು? ಒಳಗ ಚೀಟಿ ಅವ ಏನು?"

"ಇಲ್ಲರಿ ಸಾಹೇಬ್ರ. ಆಪರೇಷನ್ ಆಗೇದರಿ."

ನಂಬಲಿಲ್ಲ. ನನ್ನನ್ನು ಎಬ್ಬಿಸಿ, ಐವತ್ತು ಜನರೆದುರು ಸಿಂಬಿಯನ್ನು ಪೂರ್ತಿ ಬಿಚ್ಚಿದರು. ಆರು ಮೊಳ ಹಸಿರು ಸೀರೆ. ಚೀಟಿ ಸಿಗದ ನಿರಾಸೆಯಲ್ಲಿ ಅದನ್ನು ನನ್ನ ಕೈಗೆ ತುರುಕಿ ಹೋದರು. ಪ್ರಶ್ನೆಪತ್ರಿಕೆ ಬಂದಾಗಿತ್ತು. ಸಿಂಬಿ ಸುತ್ತಲು ನನಗೆ ಬಾರದು. ಸುತ್ತಿದೆ, ಬಿಚ್ಚಿಕೊಂಡಿತು. ಮತ್ತೆ ಸುತ್ತಿ, ಹೇಗೋ ಗಂಟು ಹಾಕಿ, ಗಂಟಿನ ಮೇಲೆಯೇ ಕೂತೆ. ಹತ್ತು ನಿಮಿಷ ಹಾಳು.

ಅರ್ಧ ಗಂಟೆಗೊಮ್ಮೆ ಕಚ್ಚಾ ಕಾಗದದ ಮೂಲೆಯಲ್ಲಿ ಅಂಕ ಬರೆದೆ: 30, 38, 38, 47, 52, 58. ಕಡೆಯ ಗಂಟೆ ಹೊಡೆಯುವವರೆಗೆ ಏಳಲಿಲ್ಲ.

ಫಲಿತಾಂಶ ಬಂದಾಗ ನನಗೆ 61. ನೋವನ್ನು ಮೂರು ಅಂಕಗಳಿಂದ ಸೋಲಿಸಿದ್ದೆ. ಠಾಣಾ ಕುಶನೂರಿಗೆ ಹೊರಟ ದಿನ ಅತ್ತೆ ಪರಾತವನ್ನು ನನ್ನ ಗಂಟಿನ ಜೊತೆ ಇಟ್ಟರು. ಬಸ್ಸಿನವರೆಗೆ ಬಂದ ಮಾವ ಅಲ್ಲಿ ನಿಂತವರಿಗೆಲ್ಲ ಹೇಳುತ್ತಿದ್ದರು: "ನಮ್ಮ ಅಳಿಯ. ಎರಡು ದಿನ ಬೈಠಕ್ ಹೊಡಸೀನಿ ನೋಡ್ರಿ, ಅದಕ್ಕೇ ಮೂರು ತಾಸು ಗಟ್ಟಿ ಕುಂತ."

ಹೊಡೆದದ್ದು ಒಟ್ಟು ಅರವತ್ತಮೂರು. ಲೆಕ್ಕ ಇದೆ.