ಅಣ್ಣ ಆಡದ ಮಾತು

ರೇಣುಕಾಳಿಗೆ ಸಿಗಬೇಕಿದ್ದ ಕೆಲಸವನ್ನು ತಪ್ಪಿಸಿದವಳು ನಾನು. ಅವಳ ಅಣ್ಣ ಯಮನೂರಪ್ಪನಲ್ಲ — ನಾನು. ಇಷ್ಟು ವರ್ಷ ಆ ಅಪವಾದವನ್ನು ಅವನು ಹೊತ್ತ. ನಾನು ಪಕ್ಕದಲ್ಲೇ ನಿಂತು ನೋಡಿದೆ.

ನಾವಿಬ್ಬರೂ ಗಂಗಾವತಿಯ ಹುಡುಗಿಯರು. ಕಾಲೇಜಿನ ಹಿಂದಿದ್ದ ಸಿಮೆಂಟಿನ ಅಂಗಳದಲ್ಲಿ ಬಾಸ್ಕೆಟ್‌ಬಾಲ್ ಕಲಿತವರು. ಪಕ್ಕದ ರೈಸ್ ಮಿಲ್ಲಿನಿಂದ ತೌಡು ಹಾರಿಬಂದು ಕೂರುತ್ತಿತ್ತು. ಗುಡಿಸದೆ ಓಡಿದರೆ ಜಾರಿ ಬೀಳುವುದೇ. ನಾನು ನಾಯಕಿ, ಹೆಚ್ಚು ಅಂಕಗಳು ನನ್ನವೇ. ರೇಣುಕಾ ಬಹಳ ಸಲ ಬೆಂಚಿನ ಮೇಲೆ. ಆದರೆ ಸುಮ್ಮನೆ ಕೂತವಳಲ್ಲ — ಆಟವನ್ನು ಓದುತ್ತಿದ್ದಳು. ಒಮ್ಮೆ ಸೋತು ಬಂದಾಗ ಮೆಲ್ಲಗೆ ಹೇಳಿದಳು: "ಸರೂ, ನೀ ಬಲಕ್ಕ ತಿರುಗೂಕಿಂತ ಮದ್ಲ ಆ ಕಡೆ ನೋಡ್ತಿ. ಅವರಿಗೆ ಗೊತ್ತಾಗಿಬಿಡ್ತೈತಿ."

ನಿಜವಾಗಿತ್ತು. ತಿದ್ದಿಕೊಂಡೆ, ಇನ್ನೂ ಚೆನ್ನಾಗಿ ಆಡಿದೆ — ಅವಳಿಗೆ ಒಂದು ಒಳ್ಳೆಯ ಮಾತನ್ನೂ ಹೇಳಲಿಲ್ಲ. ನನಗೆ ಕಾಣದ್ದು ಅವಳಿಗೆ ಕಾಣುತ್ತದೆ ಎಂಬುದೇ ನನಗೆ ಸಹಿಸಲಾಗಲಿಲ್ಲ.

ಮುಂದೆ ನಾನು ಕುಷ್ಟಗಿಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿಯಾದೆ. ರೇಣುಕಾ ಕೊಪ್ಪಳದಲ್ಲಿ ಗಂಡಸರ ತಂಡವೊಂದಕ್ಕೆ ಆಟ ಹೇಳಿಕೊಡತೊಡಗಿದಳು. ಮೊದಮೊದಲು ಅವರು ನಕ್ಕರಂತೆ; ಅವಳು ಸೀಟಿ ಊದಿದರೂ ಬಾಟಲಿ ಹಿಡಿದು ನೀರು ಕುಡಿಯುತ್ತ ನಿಲ್ಲುತ್ತಿದ್ದರಂತೆ. ಯಮನೂರಣ್ಣ ರೈಸ್ ಮಿಲ್ಲಿನಲ್ಲಿ ಕೆಲಸಕ್ಕಿದ್ದವನು. ಪಾಳಿ ಮುಗಿಸಿ, ಮೈಮೇಲಿನ ಹೊಟ್ಟು ಕೊಡವಿಕೊಂಡು ತಂಗಿಯನ್ನು ಬೈಕಿನಲ್ಲಿ ಕೊಪ್ಪಳಕ್ಕೆ ಕರೆದೊಯ್ಯುತ್ತಿದ್ದ. ಅವಳ ಕೆಲಸ ಮುಗಿಯುವವರೆಗೆ ಬೇವಿನ ಮರದ ಕೆಳಗೆ ಕಾಯುತ್ತಿದ್ದ. ಅದೇ ತಂಡ ಒಂದು ದೊಡ್ಡ ಪಂದ್ಯಾವಳಿ ಗೆದ್ದಿತು. ಅಲ್ಲಿಗೆ ಬಂದಿದ್ದ ವೃತ್ತಿಪರ ತಂಡವೊಂದರ ಮ್ಯಾನೇಜರ್, ಇವಳನ್ನು ಸಹಾಯಕ ಕೋಚ್ ಮಾಡಿಕೊಳ್ಳುವ ಮನಸ್ಸು ಮಾಡಿದ. ಗಂಡಸರ ತಂಡಕ್ಕೆ ಒಬ್ಬ ಹೆಣ್ಣುಮಗಳು — ನಮ್ಮ ಊರಿನವಳು.

ಅವಳ ಬಗ್ಗೆ ವಿಚಾರಿಸಲು ಆ ಮ್ಯಾನೇಜರ್ ನನಗೆ ಫೋನ್ ಮಾಡಿದ. ನಂಬರು ಕೊಟ್ಟವಳು ರೇಣುಕಾಳೇ. ನಾನು ಶಾಲೆಯ ಮೈದಾನದಲ್ಲಿ ಖೋಖೋ ಆಡಿಸುತ್ತಿದ್ದೆ. ಹುಬ್ಬಳ್ಳಿ ಕಡೆಯ ಮನುಷ್ಯ. ಅವಳನ್ನು ಬಾಯ್ತುಂಬ ಹೊಗಳಿದ. ಹೊಗಳುತ್ತಲೇ ಇದ್ದ — ನಾನು ಹ್ಞೂಂಗುಟ್ಟುತ್ತಲೇ ಇದ್ದೆ. ಕೊನೆಗೆ, ಮನೆಯ ಕಡೆಯಿಂದ ಏನೂ ತಕರಾರಿಲ್ಲವಲ್ಲ ಎಂದು ಕೇಳಿದ.

ನಾನು ಹೇಳಿದೆ: "ಆಕಿ ಭಾಳ ಛಲೋ ಅದಾಳ್ರಿ. ಆದ್ರ ಆಕಿ ಅಣ್ಣ ಒಪ್ಪಂಗಿಲ್ರಿ. ಗಂಡಸರ ಜೋಡಿ ಊರೂರು ತಿರುಗಾಕ ಬಿಡಂಗಿಲ್ಲ ಅಂತ ಕುಂತಾನ. ನಡುವ ಬಿಟ್ಟು ಬಂದ್ರ ನಿಮಗ ತೊಂದ್ರಿ."

ಮೊದಲೇ ಯೋಚಿಸಿದ್ದಲ್ಲ. ಆದರೆ ನಾಲಗೆ ತಪ್ಪಿದ್ದೂ ಅಲ್ಲ. ಅಣ್ಣ ಬಿಡುವುದಿಲ್ಲ ಎಂದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ — ಅದು ನನಗೆ ಗೊತ್ತಿತ್ತು. ಫೋನಿಟ್ಟು ಮತ್ತೆ ಸೀಟಿ ಊದಿದೆ. ಸಮಾಧಾನವಾಗಿತ್ತು — ಹೌದು, ಸಮಾಧಾನವೇ.

ನಿಮ್ಮ ಅಣ್ಣನಿಗೆ ಇಷ್ಟವಿಲ್ಲವಂತೆ ಎಂದು ಆ ತಂಡದವರು ರೇಣುಕಾಳಿಗೆ ತಿಳಿಸಿ ಬೇರೊಬ್ಬನನ್ನು ತೆಗೆದುಕೊಂಡರು. ಅಣ್ಣನೇ ಅವರಿಗೆ ಫೋನ್ ಮಾಡಿದ್ದಾನೆ ಎಂದುಕೊಂಡಳು ಅವಳು; ನನ್ನ ಮೇಲೆ ಅನುಮಾನವೇ ಬರಲಿಲ್ಲ. ಅವನು ಇಲ್ಲವೆಂದ, ನಂಬಲಿಲ್ಲ. ಹಿಂದೊಮ್ಮೆ, ಚಿಕ್ಕವಳಿದ್ದಾಗ, ಚಡ್ಡಿ ಹಾಕಿಕೊಂಡು ಆಡಬೇಡ ಎಂದು ಅವನು ಗದರಿದ್ದ — ಅದೊಂದೇ ಸಾಕಾಯಿತು. ಕುಷ್ಟಗಿಗೆ ಬಂದು ನನ್ನ ಮನೆಯಲ್ಲಿ ಅತ್ತಳು. ಅಣ್ಣ ಹಾಗೆ ಮಾಡುತ್ತಾನೆಯೇ ಎಂದು ನನ್ನನ್ನೇ ಕೇಳಿದಳು. ಆಗಲಾದರೂ ಹೇಳಬಹುದಿತ್ತು. ನಾನು ಅವಳ ಬೆನ್ನು ಸವರುತ್ತ ಅಂದೆ: "ಯಾರ ಮನಸಿನ್ಯಾಗ ಏನೈತಿ ಯಾರಿಗೆ ಗೊತ್ತವಾ."

ಅವಳು ಮನೆ ಬಿಟ್ಟಳು. ಬೇರೆ ರಾಜ್ಯದಲ್ಲಿ, ಇನ್ನೊಂದು ತಂಡದಲ್ಲಿ, ಆಟಗಾರರ ಕಾಲಿಗೆ ಪಟ್ಟಿ ಸುತ್ತುವ ಕೆಲಸದಿಂದ ಶುರುಮಾಡಿ ವರ್ಷಗಟ್ಟಲೆ ದುಡಿದು ಕೋಚ್ ಆದಳು. ಅಣ್ಣನ ಜೊತೆ ಮಾತಿಲ್ಲ. ಹೇಮಗುಡ್ಡದ ಗುಡಿಯಲ್ಲಿ ಅವನ ಮಗಳ ಮದುವೆಯಾದಾಗಲೂ ಬರಲಿಲ್ಲ. ಅಂದು ಯಮನೂರಣ್ಣ ನನ್ನನ್ನು ಪಕ್ಕಕ್ಕೆ ಕರೆದು, ತಾನು ಯಾರಿಗೂ ಏನೂ ಅಂದಿಲ್ಲ, ನಿನ್ನ ಮಾತಾದರೆ ಕೇಳುತ್ತಾಳೆ, ನೀನಾದರೂ ಹೇಳು ಎಂದು ಬೇಡಿಕೊಂಡ. ಆಗಲಿ ಎಂದೆ. ಪಂಕ್ತಿಯಲ್ಲಿ ಕೂತು ಉಂಡು ಬಂದೆ.

ಈ ವರ್ಷ ಅವಳ ತಂಡದ ಪಂದ್ಯವನ್ನು ಫೋನಿನಲ್ಲಿ ನೋಡುತ್ತಿದ್ದೆ. ಆಟ ನಿಲ್ಲಿಸಿದಾಗ ಆ ಎತ್ತರದ ಗಂಡಸರೆಲ್ಲ ಬೆನ್ನು ಬಗ್ಗಿಸಿ ಅವಳ ಮಾತಿಗೆ ಕಿವಿಗೊಟ್ಟು ನಿಂತಿದ್ದರು. ನನ್ನ ಎದೆಯಲ್ಲಿ ಅದೇ ಹಳೆಯ ಉರಿ. ಗೆದ್ದ ಮೇಲೆ ಕನ್ನಡ ಚಾನೆಲ್ಲಿನವನೊಬ್ಬ ಮೈಕು ಹಿಡಿದು, ಈ ದಾರಿಯಲ್ಲಿ ನಿಮ್ಮ ಬೆನ್ನಿಗೆ ನಿಂತವರು ಯಾರು ಎಂದು ಕೇಳಿದ. ಅವಳೆಂದಳು: "ಮನ್ಯಾಗ ಯಾರೂ ಇರ್ಲಿಲ್ರಿ. ನನ್ನ ಗೆಳತಿ ಸರೋಜಾ ಒಬ್ಬಾಕಿ."

ಮುಂದಿನ ಭಾನುವಾರ ಗಂಗಾವತಿಗೆ ಹೋದೆ. ಯಮನೂರಣ್ಣ ಕಟ್ಟೆಯ ಮೇಲೆ ಕೂತಿದ್ದ. ಅವನೂ ಅದನ್ನು ನೋಡಿದ್ದನಂತೆ, ಮಿಲ್ಲಿನವರ ಫೋನಿನಲ್ಲಿ, ನಾಲ್ಕು ಮಂದಿಯ ಎದುರಿಗೆ. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ.

"ನನಗ ಹೇಳಿ ಏನ್ ಮಾಡ್ತಿ ತಂಗಿ," ಎಂದ. "ನಾ ತಪ್ಪು ಮಾಡಿಲ್ಲ ಅನ್ನೂದು ನನಗ ಗೊತ್ತೇ ಐತಿ. ಆಕಿಗೆ ಹೇಳು."

ಅಲ್ಲೇ ಫೋನ್ ಹಚ್ಚಿದೆ. ರೇಣುಕಾ ಖುಷಿಯಿಂದಲೇ ಎತ್ತಿದಳು — ಪಂದ್ಯ ನೋಡಿದೆಯಾ ಎಂದಳು. ಹೇಳಿದೆ. ಯಾರಿಗೆ, ಏನೆಂದೆ, ಯಾಕೆ ಎಂದೆ — ಹೊಟ್ಟೆಕಿಚ್ಚು ಎಂಬ ಪದವನ್ನೂ ಬಿಡದೆ. ಅವಳು ನನ್ನನ್ನು ಏನೂ ಕೇಳದೆ ಅಂದಳು: "ಅಣ್ಣಗ ಕೊಡು."

ಕೊಟ್ಟೆ. ಬೀದಿಗೆ ಇಳಿದು ದೂರ ನಿಂತೆ. ಅವರು ಏನು ಮಾತಾಡಿಕೊಂಡರೋ — ಅದನ್ನು ಕೇಳುವ ಹಕ್ಕು ನನಗಿರಲಿಲ್ಲ. ಕೊನೆಗೆ ಯಮನೂರಣ್ಣ, ಆಟಗಳು ಮುಗಿದ ಮೇಲೆ ರೇಣುಕಾ ಬರುತ್ತಾಳಂತೆ ಎಂದು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ. ನನ್ನ ಫೋನನ್ನು ನನ್ನ ಕೈಗಿಡಲಿಲ್ಲ. ಕಟ್ಟೆಯ ಮೇಲೆ ಇಟ್ಟು ಒಳಗೆ ಹೋದ.

ಅವಳು ಮತ್ತೆ ನನಗೆ ಫೋನ್ ಮಾಡಿಲ್ಲ. ನಾನು ಕ್ಷಮೆ ಕೇಳಿದ್ದೇನೆ. ಕೊಡು ಎಂದು ಬೆನ್ನು ಹತ್ತುವುದಿಲ್ಲ. ಕಿಚ್ಚು ಆರಿತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ — ಅವಳ ತಂಡ ಆಡುವಾಗ ಈಗಲೂ ಅದು ಒಳಗೆ ಕದಲುತ್ತದೆ. ಆದರೂ ಪ್ರತಿ ಪಂದ್ಯವನ್ನೂ ನೋಡುತ್ತೇನೆ, ಕೊನೆಯ ಸೀಟಿಯವರೆಗೂ. ಯಾರಾದರೂ ಅವಳ ಬಗ್ಗೆ ಕೇಳಿದರೆ, ಅವಳನ್ನು ಅಂಗಳಕ್ಕೆ ಕರೆತಂದವನು ಅವಳ ಅಣ್ಣ ಎನ್ನುತ್ತೇನೆ. ತಡೆದವಳು ಯಾರೆಂದೂ ಹೇಳುತ್ತೇನೆ.