ರೂತ್ ತಿಂದ ಸಿಪ್ಪೆ

ಮೊನ್ನೆ ಸಿಡ್ನಿಯಲ್ಲಿ, ಮಾರ್ಸ್ಡನ್ ಪಾರ್ಕ್ ಬಡಾವಣೆಯ ಮಗನ ಮನೆಯಲ್ಲಿ, ಸೊಸೆ ಹೀರೇಕಾಯಿ ಹೆರೆದು ಸಿಪ್ಪೆಯನ್ನೆಲ್ಲ ಕಸದ ಬಿನ್ನಿಗೆ ಸುರಿದಳು. "ಅಯ್ಯಯ್ಯೋ, ಚಟ್ನಿಗೆ ಬೇಕಿತ್ತು ಕಣೇ ಅದು!" ಎಂದು ನಾನು ಕೂಗಿದ ರಭಸಕ್ಕೆ ಮೊಮ್ಮಗಳು ಓಡಿ ಬಂದು, "ಅಜ್ಜಿ, ಡು ಯು ಈಟ್ ರಬಿಶ್?" ಅಂದಳು. ನಾನು ಮುಖ ಊದಿಸಿಕೊಂಡು ಕೂತೆ. ಸಿಪ್ಪೆಗೆ ಇಷ್ಟು ಸಿಟ್ಟೇ ಎಂದು ನಗುತ್ತೀರೇನೋ, ನಗಿ. ಐವತ್ತು ವರ್ಷದ ಹತ್ತಿರ ಸಿಪ್ಪೆಯ ಸಿಟ್ಟು ಇಟ್ಟುಕೊಂಡಿದ್ದ ಒಬ್ಬಳನ್ನು ನಾನು ಬಲ್ಲೆ.

ತೊಂಬತ್ತರ ದಶಕದ ಶುರು. ಮೆಲ್ಬರ್ನಿನಲ್ಲಿ ನಮ್ಮ ಯಜಮಾನರಿಗೆ ಆಸ್ಪತ್ರೆ ಕೆಲಸ, ನನಗೆ ಬೇಲಿಯಾಚೆಯ ರೂತ್ ಜೊತೆ ಹರಟೆ. ರೂತ್ ಪೋಲೆಂಡಿನ ಯಹೂದಿ, ನನಗಿಂತ ಹಿರಿಯಳು. ಫ್ರಿಜ್ಜಿನ ಬಾಗಿಲಿಗೆ ಪೋಲೆಂಡಿನಿಂದ ಬಂದ ಒಂದು ಕಾಗದ ಅಂಟಿಸಿದ್ದಳು. ಎರಡು ತಿಂಗಳಾದರೂ ಉತ್ತರ ಬರೆದಿರಲಿಲ್ಲ. ನನ್ನ ಬಾಯಿ ಸುಮ್ಮನಿರುತ್ತದೆಯೇ? ಕೇಳಿಬಿಟ್ಟೆ.

ಅವಳಿಗೆ ಏಳು ವರ್ಷವಿದ್ದಾಗ ನಾಜಿಗಳು ಅಪ್ಪ ಅಮ್ಮನನ್ನು ಎಳೆದೊಯ್ದು ಕೊಂದರಂತೆ. ಒಬ್ಬ ರೈತ ಹೆಂಗಸು ಇವಳನ್ನು ತನ್ನ ಮನೆಯ ನೆಲಮಾಳಿಗೆಯಲ್ಲಿ ಎರಡು ಚಳಿಗಾಲ ಬಚ್ಚಿಟ್ಟಳು. "ಮೇಲಿಂದ ಬೆಂದ ಆಲೂಗಡ್ಡೆ ವಾಸನೆ ಬರೋದು. ನನಗೆ ಇಳೀತಿದ್ದದ್ದು ಸಿಪ್ಪೆ." ಈಗ ಆ ಹೆಂಗಸು ಹಾಸಿಗೆ ಹಿಡಿದು, ಮಗಳ ಕೈಲಿ ಬರೆಸಿದ್ದಳು: ನನ್ನ ಮೇಲೆ ಇನ್ನೂ ಕೋಪ ಇದೆಯಾ?

"ಜೀವ ಉಳಿಸಿದಳು, ಗೊತ್ತು," ಅಂದಳು ರೂತ್. "ಆದರೂ ಆ ಸಿಪ್ಪೆ ಇನ್ನೂ ಗಂಟಲಲ್ಲೇ ಇದೆ."

ನಾನು ಥಟ್ಟನೆ, ಬಸ್ಸಿನಲ್ಲಿ ಕಾಲು ತುಳಿದವರಿಗೆ ಹೇಳುವ ಹಾಗೆ, "ಹೋಗ್ಲಿ ಬಿಡಿ" ಅಂದೆ. ಕನ್ನಡದಲ್ಲೇ! ಆಮೇಲೆ ಅರ್ಥವನ್ನೂ ಬಿಡಿಸಿ ಹೇಳಿದೆ, ಮಹಾ ಜಾಣೆ ನೋಡಿ.

ರೂತ್ ಕಪ್ಪು ಕೆಳಗಿಟ್ಟಳು. "ಎಲ್ಲಿಗೆ ಹೋಗಬೇಕು ಅದು? ಅಪ್ಪ ಅಮ್ಮನ್ನ ಕೊಂದವರನ್ನ ಕ್ಷಮಿಸೋ ಹಕ್ಕು ನನಗಿಲ್ಲ, ಅದು ಸತ್ತವರದ್ದು. ಈ ಸಿಪ್ಪೆ ಒಂದೇ ನನ್ನದು. ಅದನ್ನೂ ನನ್ನ ಪರವಾಗಿ ನೀನೇ ಬಿಟ್ಟುಬಿಡ್ತೀಯಾ?"

ನಾಚಿಕೆಯಿಂದ ಕುಗ್ಗಿಹೋದೆ. ಎರಡು ವಾರ ಬೇಲಿಯ ಕಡೆ ತಲೆ ಹಾಕಲಿಲ್ಲ.

ಕೊನೆಗೆ ಅವಳೇ ಬಂದಳು. ವಿಯೆಟ್ನಾಮಿನವರ ಅಂಗಡಿಯಲ್ಲಿ ಅಪರೂಪಕ್ಕೆ ಹೀರೇಕಾಯಿ ಸಿಕ್ಕಿತ್ತು, ಸಿಪ್ಪೆ ಹುರಿಯುತ್ತಿದ್ದೆ. ಗಾಬರಿಯಿಂದ ಬಾಣಲೆ ಮುಚ್ಚಲು ತಟ್ಟೆ ಹುಡುಕುವಷ್ಟರಲ್ಲಿ ನೋಡಿಬಿಟ್ಟಳು.

"ಸಿಪ್ಪೆ! ಯಾರಿಗೆ?"

"ನಮಗೇ, ಎಲ್ಲರಿಗೂ. ನಮ್ಮಮ್ಮ ಮಾಡ್ತಿದ್ದರು."

ಚಟ್ನಿ ರುಬ್ಬಿ ಅನ್ನಕ್ಕೆ ಕಲಸಿಕೊಟ್ಟೆ. ಖಾರಕ್ಕೆ ಮೂಗು ಸೊರಸೊರ ಎಳೆಯುತ್ತ ತಿಂದಳು. "ಎಲ್ಲರಿಗೂ," ಎಂದು ತನ್ನಷ್ಟಕ್ಕೆ ಎರಡು ಸಲ ಅಂದುಕೊಂಡಳು. ಅವತ್ತೇ ಪೋಲೆಂಡಿಗೆ ಕಾಗದ ಹಾಕಿದಳು, ಒಂದೇ ಪ್ರಶ್ನೆ: ಆಗ ನೀವೇನು ತಿಂತಿದ್ದಿರಿ?

ಅವರೂ ಸಿಪ್ಪೆಯನ್ನೇ ತಿಂದಿರಲಿ ದೇವರೇ ಎಂದು ನಾನು ತುಪ್ಪದ ದೀಪ ಹಚ್ಚಿದೆ. ಆ ಮಗಳು ಬರೆದ ಉತ್ತರ ಬಂದ ದಿನ ರೂತ್ ನನ್ನನ್ನು ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಓದಿ ಹೇಳಿದಳು. "ಸುಳ್ಳು ಬರೀಬೇಡ ಅಂತ ಅಮ್ಮ ಹೇಳಿದ್ದಾಳೆ. ನಾವು ಆಲೂಗಡ್ಡೆ ತಿಂದೆವು. ನಾವು ನಾಲ್ಕು ಮಕ್ಕಳು, ನಿನ್ನವರೆಗೆ ಬರ್ತಿರಲಿಲ್ಲ. ಕೆಳಗೆ ನಿನಗೆ ವಾಸನೆ ಬರುತ್ತೆ ಅಂತ ಅಮ್ಮನಿಗೆ ಪ್ರತಿ ಊಟದಲ್ಲೂ ಗೊತ್ತಿತ್ತು."

ನನ್ನ ತುಪ್ಪದ ದೀಪ ವ್ಯರ್ಥವಾಯಿತು ಅಂದುಕೊಂಡೆ. ರೂತ್ ಅಳುತ್ತಿದ್ದಳು. "ನಾವೂ ಸಿಪ್ಪೆ ತಿಂದೆವು ಅಂತ ಬರೆದಿದ್ದರೆ ಸುಳ್ಳು ಅಂತ ಹರಿದು ಹಾಕ್ತಿದ್ದೆ. ಅವಳಿಗೆ ಗೊತ್ತಿತ್ತಂತೆ! ನನಗೆ ಅಷ್ಟು ಸಾಕು." ಕಣ್ಣೊರೆಸಿಕೊಂಡು, "ನಿನ್ನದೊಂದು ಮಾತಿತ್ತಲ್ಲ, ಏನದು?" ಅಂದಳು.

ಅವಳೇ ಜ್ಞಾಪಿಸಿಕೊಂಡು, ಕಾಗದದ ಮೇಲೆ ಕೈಯಿಟ್ಟು, "ಹೋಗ್ಲಿ ಬಿದಿ" ಅಂದಳು. ಆ ತಪ್ಪು ಉಚ್ಚಾರಣೆ ಕೇಳಿ ನಗು ಬರಬೇಕಿತ್ತು, ಅಳು ಬಂತು.

ಅಂದಿನಿಂದ ಇನ್ನೊಬ್ಬರ ನೋವಿಗೆ ನಾನು ಆ ಮಾತು ಆಡಿಲ್ಲ. ಮೊನ್ನೆ ಸೊಸೆ ಪಕ್ಕದಲ್ಲಿ ಬಂದು ಕೂತು, "ಸಾರಿ ಅತ್ತೆ, ಗೊತ್ತಾಗ್ಲಿಲ್ಲ," ಅಂದಳು. ಇದು ನನ್ನದೇ ಸಿಪ್ಪೆ, ನನ್ನದೇ ಸಿಟ್ಟು. ಅದು ನಿಜವಾಗಿ ಇಳಿಯುವ ತನಕ ಕಾದೆ. ಆಮೇಲೆ ಅಂದೆ, "ಹೋಗ್ಲಿ ಬಿಡೇ."