ಹಾವಗೆಪ್ಪನ ಕಾಡಬೆಕ್ಕು

ಚಿಂತಾಕಿಯ ಹಾವಗೆಪ್ಪ ಕೂತದ್ದನ್ನು ಕಂಡವರು ಕಡಿಮೆ. ಕ್ಷೌರದ ಕುರ್ಚಿಯಲ್ಲಿ ಒಂದು ಗಲ್ಲ ಬೋಳಾಗುವಷ್ಟರಲ್ಲಿ ಎದ್ದು, ಹೊರಗೆ ಯಾರೋ ಕೂಗಿದರೆಂದು ನೋಡಿ ಬರುತ್ತಾನೆ. ಮದುವೆಯ ಪಂಕ್ತಿಯಲ್ಲಿ ಸಾರು ಬರುವ ತನಕ ತಾಳಲಾರದೆ ಅಡುಗೆಯವರ ಬಳಿಗೇ ಹೋಗಿ ನಿಂತಿರುತ್ತಾನೆ. ಬಸ್ಸಿನಲ್ಲಿ ಸೀಟು ಖಾಲಿ ಬಿದ್ದಿದ್ದರೂ ಬಾಗಿಲ ಕಂಬಿ ಹಿಡಿದು ನಿಲ್ಲುತ್ತಾನೆ. ಎಲ್ಲಾದರೂ ಕೂತನೆನ್ನಿ, ಬಲಗಾಲು ತನ್ನಷ್ಟಕ್ಕೆ ತಾನೇ ಕುಣಿಯತೊಡಗುತ್ತದೆ, ದರ್ಜಿ ಮಷೀನು ತುಳಿದ ಹಾಗೆ. ಅವನ ಹೆಂಡತಿ ಗಂಗುಬಾಯಿ ಮೆಹಕರದ ತವರಿನಿಂದ ಗಂಡನ ಮನೆಗೆ ನಡೆಯಲು ಬಂದ ಹೊಸದರಲ್ಲಿ, ಮನೆಯ ಮಂಚಕ್ಕೇ ಏನೋ ಹಿಡಿದಿದೆ ಎಂದು ಅಂಜಿದ್ದಳಂತೆ.

ಇಂಥ ಮನುಷ್ಯನ ಪಾಲಿಗೆ ಬಂದದ್ದು ಅಪ್ಪನ ಬಂದೂಕು. ಉದ್ದ ನಳಿಗೆಯ ಹಳೆಯ ರೈಫಲು, ಬೆಳೆ ಕಾಯುವುದಕ್ಕೆಂದು ಕೊಟ್ಟ ಲೈಸೆನ್ಸು. ಅಪ್ಪ ಹೊಲದ ಅಟ್ಟದ ಮೇಲೆ ಕೂತರೆ ಕಾಗೆ ಬಂದು ಅವನ ಹೆಗಲ ಮೇಲೆ ಕೂತೀತು, ಹಾಗೆ ಕಲ್ಲಾಗುತ್ತಿದ್ದ. ಕಾಡಹಂದಿ ಮೂಗಿನ ಕೆಳಗೆ ಬಂದಮೇಲೆ ಒಂದೇ ಗುಂಡು. ಆ ಬಂದೂಕು ಗೋಡೆಯ ಗೂಟದಲ್ಲಿ ತೂಗುತ್ತಿರುವ ತನಕ ತಾನೂ ಅಪ್ಪನ ಮಗ ಎಂಬುದು ಹಾವಗೆಪ್ಪನ ಲೆಕ್ಕ. ಅದಿಲ್ಲದ ಮನೆ ಅವನ ಕಣ್ಣಿಗೆ ಬರೀ ಗೋಡೆ. ಆದರೆ ಅಪ್ಪ ಹೋದಮೇಲೆ ಆ ನಳಿಗೆಯಿಂದ ಒಂದು ಹಂದಿಯೂ ಬಿದ್ದಿರಲಿಲ್ಲ.

ಕಾರಣ ಊರಿಗೆಲ್ಲ ಗೊತ್ತಿತ್ತು. ಹಿಂಗಾರಿ ಜೋಳ ಹಾಲುದೆನೆಗೆ ಬಂದಾಗ, ಹೊತ್ತು ಮುಳುಗುವ ವೇಳೆಗೆ ಹಂದಿಗಳು ಗುಡ್ಡದ ಕುರುಚಲಿನಿಂದ ಇಳಿಯುತ್ತವೆ. ಹಾವಗೆಪ್ಪ ಅರಣ್ಯ ಇಲಾಖೆಯ ಪರವಾನಗಿ ತೆಗೆದುಕೊಂಡು, ಅಟ್ಟ ಹತ್ತಿ, ಬಂದೂಕು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾನೆ. ಕಾಲು ಶುರುವಾಗುತ್ತದೆ. ಅಟ್ಟದ ಹಲಗೆ ಟಕಟಕ ಅನ್ನುತ್ತದೆ. ಹಂದಿಗಳು ಹಳ್ಳದ ಆಚೆಯೇ ನಿಂತು ಮೂತಿ ಎತ್ತಿ ಗಾಳಿ ಮೂಸಿ, ನೆರೆಯ ಪಂಢರಿಯ ಕಡಲೆ ಹೊಲಕ್ಕೆ ತಿರುಗಿಬಿಡುತ್ತವೆ. ಅಷ್ಟು ದೂರಕ್ಕೆ ಹಾವಗೆಪ್ಪ ಹೊಡೆದ ಗುಂಡು ಬಟ್ಟೆ ಒಣಹಾಕಿದ ಹಗ್ಗದ ಹಾಗೆ ನಡುವೆ ಜೋತು, ಹಳ್ಳದ ದಂಡೆಯ ಮಣ್ಣಿಗೆ ಮೂಗು ತುರುಕುತ್ತದೆ.

ಪಂಢರಿ ಪ್ರತಿ ಸಲ ಮರುದಿನ ಬೇವಿನ ಕಟ್ಟೆಯಲ್ಲಿ ಕಾದಿರುತ್ತಿದ್ದ. ಈ ಸಲವೂ ಕಾದಿದ್ದ.

"ಹಾವಗ್ಯಾ, ನಿನ್ನೆ ಯಾರನ್ನ ಹೊಡದಿ? ಹಳ್ಳಕ್ಕ ಭಾಳ ಪೆಟ್ಟಾಗ್ಯದಂತ."

"ಒಂದಿಷ್ಟು ಈ ಕಡಿ ಬಂದಿದ್ರ ಬಿಡ್ತಿದ್ದಿಲ್ಲ ನಾ."

"ಅವು ಯಾಕ ಬರ್ತಾವ? ನೀ ಅಟ್ಟದ ಮ್ಯಾಲ ಡೊಳ್ಳು ಬಾರಸ್ಲಿಕತ್ತೀದಿ. ಮೇಯ್ಲಿಕ್ಕ ನನ್ನ ಕಡ್ಲಿ ಅದಲ್ಲ, ಹೋಗ್ರಪ್ಪಾ ಅಂತ ನೀನೇ ಹಾದಿ ತೋರಸ್ತಿ."

ನಗು ಎದ್ದಿತು. ಹಾವಗೆಪ್ಪ ಅರ್ಧ ಚಹಾ ಬಿಟ್ಟು ಎದ್ದ. ಕಾಲನ್ನು ನಿಲ್ಲಿಸುವುದು ತನ್ನಿಂದಾಗದು ಎಂಬುದು ಅವನಿಗೆ ಎಂದೋ ಮನದಟ್ಟಾಗಿತ್ತು. ಹಾಗಾದರೆ ಗುಂಡೇ ದೂರ ಹೋಗಬೇಕು. ಬಂದೂಕನ್ನು ಹಚ್ಚಡದಲ್ಲಿ ಸುತ್ತಿಕೊಂಡು ಅದೇ ಬೆಳಗಿನ ಬಸ್ಸಿಗೆ ಬೀದರ ಹಿಡಿದ.

ಬೀದರದ ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿ ಅಯ್ಯುಬನ ದುಕಾನು. ಲೈಸೆನ್ಸಿನ ಬಂದೂಕುಗಳನ್ನು ರಿಪೇರಿ ಮಾಡುವವನು. ಹೈದರಾಬಾದಿನಲ್ಲಿ ಉಸ್ತಾದನ ಕೈಕೆಳಗೆ ಕಲಿತ ಕೆಲಸ. ಮಾತು ಮಾತ್ರ ಯಾರ ಕೈಕೆಳಗೂ ಕಲಿತದ್ದಲ್ಲ. ಹಾವಗೆಪ್ಪನ ಅಪ್ಪನ ಕಾಲದಿಂದಲೂ ಈ ರೈಫಲಿನ ನಾಡಿ ಅವನಿಗೆ ಗೊತ್ತು.

"ಆಯಿಯೇ ಹಾವಗೆಪ್ಪ ಭಾಯಿ. ಕೂಡ್ರಿ ಅಂತ ಹೇಳಂಗಿಲ್ಲ, ಸ್ಟೂಲು ಮುರೀತದ. ಏನಾಗ್ಯದ ಇದಕ್ಕ?"

"ಇದಕ್ಕೇನಾಗಿಲ್ಲ ಅಯ್ಯುಬ ಭಾಯಿ. ಗುಂಡಿಗೆ ದಮ್ಮಿಲ್ಲ. ಹಳ್ಳ ದಾಟಬೇಕು, ಸೀದಾ ಹೋಗಬೇಕು. ಹಂಥಾದೇನರ ಅದ ಏನು?"

ಅಯ್ಯುಬ ನಳಿಗೆಯ ಒಳಗೆ ಒಂದು ಕಣ್ಣಿಟ್ಟು ನೋಡಿದ. ಬಾಯಲ್ಲಿದ್ದ ಪಾನು ಒಂದು ಮಗ್ಗುಲಿಗೆ ಸರಿಸಿ, ಹಿಂದೊಮ್ಮೆ ಉಸ್ತಾದ ಹೇಳಿದ ಸಂಗತಿ ತೆಗೆದ. ಹೊರದೇಶದಲ್ಲಿ ಕೆಲವು ಹಟಮಾರಿಗಳಿದ್ದಾರಂತೆ. ಅಲ್ಲಿ ಅಳಿಲಿನಂಥ ಒಂದು ಪ್ರಾಣಿ ಹುಲ್ಲುಗಾವಲೆಲ್ಲ ಬಿಲ ತೋಡಿ ಹಾಳು ಮಾಡುತ್ತದೆ. ಬಲು ಸಣ್ಣದು, ಬಲು ದೂರ ನಿಲ್ಲುತ್ತದೆ. ಅದನ್ನು ಹೊಡೆಯಲು ಅವರು ದೊಡ್ಡ ಕಾಡತೂಸಿನ ಹಿತ್ತಾಳೆ ಕೊಳವೆ ತೆಗೆದುಕೊಂಡು, ಕುತ್ತಿಗೆ ಹಿಸುಕಿ ಸಣ್ಣ ಮಾಡಿ, ಬಾಯಿಗೆ ಹಗುರ ಗುಂಡು ಕೂರಿಸುತ್ತಾರೆ.

"ಹಿಂದ ಮದ್ದು ಭಾಳ, ಮುಂದ ಗುಂಡು ಸಣ್ಣದು. ಆಟಿಗಿ ಬಂಡಿಗೆ ಎರಡು ಜೋಡಿ ಎತ್ತು ಕಟ್ಟಿದಂಗ. ಓಡ್ತದ ನೋಡ್ರಿ, ಜಗ್ಗಿ ಕಟ್ಟಿದ ತಂತಿ ಹಂಗ ಸೀದಾ! ಯಾ ಕಂಪನಿನೂ ಮಾಡಿದ್ದಲ್ಲ ಅದು. ಮನ್ಯಾಗ ಹುಟ್ಟಿದ ಬೆಕ್ಕಲ್ಲ, ಕಾಡಿನ್ಯಾಗ ಹುಟ್ಟಿದ್ದು. ಅದಕ್ಕೇ ಅಲ್ಲಿ ಮಂದಿ ಆ ಕಾಡತೂಸಿಗೆ ಕಾಡಬೆಕ್ಕು ಅಂತ ಹೆಸರಿಟ್ಟಾರ."

ಹಾವಗೆಪ್ಪನ ಎರಡೂ ಕಾಲು ಕುಣಿಯತೊಡಗಿದವು. "ಹಂಗಾರ ನನಗ ಒಂದು ಕಾಡಬೆಕ್ಕು ಮಾಡಿ ಕೊಡ್ರಿ!"

"ತೋಬಾ! ಕಾಡತೂಸು ಮಾಡ್ಲಿಕ್ಕ ನನಗ ಲೈಸೆನ್ಸಿಲ್ಲ, ಮಾಡಿದ್ರ ಜೇಲು. ಅದಕ್ಕ ನಳಿಗಿನೂ ಬ್ಯಾರೇನೇ ಕೊರೀಬೇಕು. ಅದರ ಬೆಂಕಿಗೆ ಆ ನಳಿಗಿನೂ ಭಾಳ ದಿನ ಬಾಳಂಗಿಲ್ಲ. ನಿಮ್ಮ ಅಪ್ಪನ ಈ ಮುದುಕನೊಳಗ ಹಾಕಿದ್ರೋ, ಹಂದಿ ಆ ಕಡಿ ಉಳೀತದ, ನೀವು ಈ ಕಡಿ ಉಳಿಯಂಗಿಲ್ಲ." ಬಂದೂಕಿಗೆ ಎಣ್ಣೆ ಸವರಿ ಹಚ್ಚಡದಲ್ಲಿ ಮತ್ತೆ ಸುತ್ತಿಕೊಟ್ಟ. "ಇದಕ್ಕ ಸೇಫ್ಟಿ ಅದ. ನಿಮ್ಮ ಕಾಲಿಗೆ ಒಂದು ಹಾಕಿಸ್ರಿ."

ಹಾವಗೆಪ್ಪನ ತಲೆಗೆ ಒಂದು ಮಾತು ಹೊಕ್ಕರೆ ಅದನ್ನು ಹೊರಗೆ ಹಾಕಲು ಯಾವ ಮಿಸ್ತ್ರಿಯಿಂದಲೂ ಆಗದು. ಊರಿಗೆ ಮರಳುವ ಔರಾದದ ಬಸ್ಸಿನಲ್ಲಿ ಬಾಗಿಲ ಕಂಬಿ ಹಿಡಿದು ನಿಂತು, ಇಂಜಿನ್ನಿನ ಸದ್ದಿಗಿಂತ ಮೇಲೆ ಗಂಟಲೆತ್ತಿ ಗಂಗುಬಾಯಿಗೆ ಫೋನು ಮಾಡಿದ.

"ಏ ಗಂಗಾ! ಕಾಡಬೆಕ್ಕು ಸಿಗ್ಲಿಲ್ಲ... ಕಾಡಬೆಕ್ಕು, ಕಾಡಬೆಕ್ಕು! ಅಯ್ಯುಬ ಭಾಯಿ ಒಲ್ಲೆ ಅಂದ, ಜೇಲಾಗ್ತದಂತ... ಆಗ್ಲಿ ಬಿಡು, ಬ್ಯಾರೆ ಕಡಿ ನೋಡ್ತೇನಿ. ಒಂದು ಸಿಗೂತನಕ ಬಿಡಂಗಿಲ್ಲ ನಾ!"

ಹೆಗಲಲ್ಲಿ ಬಂದೂಕಿನ ಗಂಟು, ಬಾಯಲ್ಲಿ ಕಾಡಬೆಕ್ಕು, ಜೇಲು. ಬಸ್ಸು ತುಂಬ ಮಂದಿ. ಯಾರು ಹೋಗಿ ಎಲ್ಲಿ ಹೇಳಿದರೋ, ಆ ವಾರ ಮುಗಿಯುವುದರೊಳಗೆ ಹಾವಗೆಪ್ಪನ ಅಂಗಳದಲ್ಲಿ ಔರಾದ ಠಾಣೆಯ ಪೇದೆಯೊಬ್ಬ ಮತ್ತು ಅರಣ್ಯ ಇಲಾಖೆಯ ಗಾರ್ಡ್ ಸತೀಶಕುಮಾರ ಬಂದು ನಿಂತಿದ್ದರು. ಸತೀಶಕುಮಾರ ಭಾಲ್ಕಿಯವನು. ಮೆತ್ತಗಿನ ಮಾತು, ಆದರೆ ಹಿಡಿದದ್ದನ್ನು ಬಿಡುವವನಲ್ಲ.

"ಬೆಕ್ಕು ಎಲ್ಲಿ ಇಟ್ಟೀರಿ?"

"ಯಾವ ಬೆಕ್ರಿ ಸಾಹೇಬ್ರ?"

"ಕಾಡಬೆಕ್ಕು ಸಿಗೂತನಕ ಬಿಡಂಗಿಲ್ಲ ಅಂತ ಬಸ್ಸಿನ್ಯಾಗ ಕೂಗ್ಯಾಡೀರಿ. ಅದನ್ನ ಹೊಡೀಬಾರದು ಅಂತ ಕಾನೂನದ, ಗೊತ್ತದ ಇಲ್ಲ?"

"ಅಯ್ಯ, ಅದು ಬೆಕ್ಕಲ್ರಿ. ಕಾಡತೂಸು!"

"ಹೌದೇನ್ರಿ? ಮ್ಯಾಂವ್ ಅಂತದೇನು ನಿಮ್ಮ ಕಾಡತೂಸು?"

ಪೇದೆ ನಕ್ಕ. ಗಂಗುಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಸಾಹೇಬ್ರ, ನಮ್ಮ ಮನ್ಯಾಗ ಒಂದು ಜಿರಳಿ ಕಂಡ್ರ ಸುದ್ದಾ ನಾನೇ ಹೊಡೀಬೇಕು. ಇವರು ಬೆಕ್ಕು ಹೊಡೀತಾರ? ಕೂತು ಗುರಿ ಇಡೂದಂದ್ರೇನಂತನೇ ಇವರಿಗೆ ಗೊತ್ತಿಲ್ಲ."

ಸತೀಶಕುಮಾರ ಅಲ್ಲೇ ನಿಂತು ಅಯ್ಯುಬನಿಗೆ ಫೋನು ಹಚ್ಚಿದ. ಅಯ್ಯುಬ ನಗು ತಡೆಯಲಾರದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೇಳಿದ್ದು ಹೌದು, ತಾನು ಕೊಟ್ಟಿದ್ದಿಲ್ಲ. ಅಲ್ಲಿಗೆ ಕಾಡತೂಸಿನ ಗಂಟು ಬಿಚ್ಚಿತು. ಆದರೆ ಹೊಲ ನೋಡಲು ಹೋದಾಗ ಹಳ್ಳದ ದಂಡೆಯ ಮಣ್ಣಿನಲ್ಲಿ ನಿಜವಾದ ಕಾಡಬೆಕ್ಕಿನ ಹೆಜ್ಜೆ ಸಿಕ್ಕವು. ಒಣಗಿ ಬಿರಿದ ಹಳೆಯ ಹೆಜ್ಜೆ. ಬೆಕ್ಕು ಮಾತ್ರ ಇಲ್ಲ.

"ಇಲ್ಲಿ ಬೆಕ್ಕು ಇತ್ತು," ಅಂದ ಸತೀಶಕುಮಾರ. "ಈಗ ಅದನೋ ಇಲ್ಲೋ ನನಗ ಗೊತ್ತಾಗಬೇಕು. ಜೀವಂತ ಕಂಡ್ರ ನಾ ಬರದು ಕೊಡ್ತೇನಿ, ಬಂದೂಕು ನಿಮಗ ವಾಪಸ್. ಕಾಣದಿದ್ರ ಕೇಸು ಮ್ಯಾಲ ಹೋಗ್ತದ. ಲೈಸೆನ್ಸು ಉಳಿಯೂದು ಕಠಿಣ ಅದರಿ."

ಪೇದೆ ಬಂದೂಕು ತೆಗೆದುಕೊಂಡು ಹೋದ. ಗೂಟ ಬರಿದಾಯಿತು. ಹಾವಗೆಪ್ಪ ಒಳಗೆ ಬಂದ, ಹೊರಗೆ ಹೋದ, ಗೂಟ ನೋಡಿದ, ಮತ್ತೆ ಹೊರಗೆ ಹೋದ. ಉಣ್ಣಲು ಕೂತವನು ಗೂಟಕ್ಕೆ ಬೆನ್ನು ಹಾಕಿ ಕೂತ. ಅದೂ ತಡೆಯಲಿಲ್ಲ, ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ದನದ ಕೊಟ್ಟಿಗೆಯಲ್ಲಿ ತಿರುಗಾಡುತ್ತ ತಿಂದ.

ಬೆಕ್ಕು ಇರುವುದು ಗಂಗುಬಾಯಿಗೆ ಗೊತ್ತಿತ್ತು. ಹಳ್ಳದ ಒಡ್ಡಿನ ಕಲ್ಲುಗುಪ್ಪೆಯಲ್ಲಿ ಅದರ ವಾಸ. ಮೇವು ಕೊಯ್ಯುವಾಗ ಎಷ್ಟೋ ಸಲ ಕಂಡಿದ್ದಳು. ಇಲಿ ತಿನ್ನುವ ಪ್ರಾಣಿ, ಇದ್ದರೆ ಇರಲಿ ಎಂದು ಯಾರಿಗೂ ಹೇಳಿರಲಿಲ್ಲ.

"ಹೊತ್ತು ಮುಳುಗೂ ಮುಂದ ಬರ್ತದರಿ ಸಾಹೇಬ್ರ," ಎಂದಳು, ಮರುದಿನ ಸಂಜೆ ಸತೀಶಕುಮಾರ ಬಂದಾಗ. "ಆದ್ರ ಅಲ್ಲಾಡಿದ್ರ ಬರಂಗಿಲ್ಲ." ಇಷ್ಟು ಹೇಳಿ ಗಂಡನ ಕಾಲು ನೋಡಿದಳು.

"ನಾ ಮನ್ಯಾಗಿರ್ತೇನಿ," ಅಂದ ಹಾವಗೆಪ್ಪ.

"ಇಲ್ರಿ. ನೀವು ನನ್ನ ಕಣ್ಣ ಮುಂದೇ ಇರಬೇಕು," ಅಂದ ಸತೀಶಕುಮಾರ.

ಮೂವರೂ ಕಲ್ಲುಗುಪ್ಪೆಯ ಎದುರಿಗೆ ಜೋಳದ ಅಂಚಿನಲ್ಲಿ ಕೂತರು. ಸತೀಶಕುಮಾರ ಫೋನಿನ ಕ್ಯಾಮೆರಾ ತೆರೆದಿಟ್ಟುಕೊಂಡ. ಗಂಗುಬಾಯಿ ಎರಡೂ ಕೈಯನ್ನು ಗಂಡನ ಬಲ ಮೊಣಕಾಲಿನ ಮೇಲೆ ಹೇರಿ, ಒರಳಿನ ಮೇಲೆ ಗುಂಡುಕಲ್ಲು ಇಟ್ಟ ಹಾಗೆ ಅಮುಕಿದಳು. ಕಾಲು ಅವಳ ಕೈಯ ಕೆಳಗೆ ಹಿಡಿದ ಕೋಳಿಯಂತೆ ಮಿಡುಕಿತು. ಹಾವಗೆಪ್ಪ ಹಲ್ಲು ಕಚ್ಚಿದ. ಬರಿದಾದ ಗೂಟ ಕಣ್ಣ ಮುಂದೆ ಬಂತು. ನೊಣ ಮೂಗಿನ ಮೇಲೆ ಕೂತಿತು, ಓಡಿಸಲಿಲ್ಲ. ಬೆನ್ನು ತುರಿಸಿತು, ತುರಿಸಲಿ ಅಂದ. ಮಿಡುಕುತ್ತ ಮಿಡುಕುತ್ತ ಕಾಲು ಕೊನೆಗೆ ಸುಮ್ಮನಾಯಿತು. ಗಂಗುಬಾಯಿ ಬೆರಗಾಗಿ ಗಂಡನ ಮುಖ ನೋಡಿದಳು; ಲಗ್ನವಾದಂದಿನಿಂದ ಆ ಕಾಲು ನಿಂತದ್ದನ್ನು ಅವಳು ಕಂಡಿರಲಿಲ್ಲ.

ಬೆಳಕು ಕೆಂಪಾಯಿತು. ಕಲ್ಲಿನ ಸಂದಿಯಲ್ಲಿ ಎರಡು ಕಿವಿ ಕಂಡವು, ತುದಿಗೆ ಕರಿ ಕೂದಲಿನ ಕುಚ್ಚು. ಸತೀಶಕುಮಾರ ಉಸಿರು ಹಿಡಿದ. ಬೆಕ್ಕು ಇನ್ನೂ ಹೊರಗೆ ಬಂದಿರಲಿಲ್ಲ.

ಅದೇ ಹೊತ್ತಿಗೆ ಬೆನ್ನ ಹಿಂದೆ ಜೋಳದಲ್ಲಿ ಚಟ್ ಎಂದಿತು. ಆಮೇಲೆ ಚಟಚಟ. ದಂಟು ಮುರಿಯುವ ಸದ್ದು, ಹಾಲುದೆನೆ ಚಪ್ಪರಿಸುವ ಸದ್ದು, ಮರಿಗಳ ಗುರುಗುರು. ಹಂದಿಗಳು ಹಳ್ಳ ದಾಟಿ ಬಂದಿದ್ದವು. ಅಪ್ಪ ಹೋದಮೇಲೆ ಮೊದಲ ಸಲ ಹಾವಗೆಪ್ಪನ ಹೊಲದೊಳಗೆ. ಅಟ್ಟದ ಹಲಗೆ ಟಕಟಕ ಅನ್ನದ ಸಂಜೆ ಅವುಗಳಿಗೆ ಬಾಗಿಲು ತೆರೆದಿಟ್ಟ ಹಾಗಾಗಿತ್ತು.

"ಹಂದಿ..." ಎಂದು ತುಟಿಯಲ್ಲೇ ಅಂದ.

"ಶ್! ಬೆಕ್ಕು ಬರ್ಲಿಕತ್ತದ."

ಮುಂದೆ ಬೆಕ್ಕು ಒಂದು ಕಾಲು ಹೊರಗಿಟ್ಟಿತು. ಹಿಂದೆ ಇನ್ನೊಂದು ಸಾಲು ಜೋಳ ಮಲಗಿತು. ಸುಮ್ಮನೆ ಕೂತರೆ ಬಂದೂಕು ಬರುತ್ತದೆ, ಜೋಳ ಹೋಗುತ್ತದೆ. ಎದ್ದರೆ ಜೋಳ ಉಳಿಯುತ್ತದೆ, ಬಂದೂಕು ಹೋಗುತ್ತದೆ. ಹಾವಗೆಪ್ಪನ ಹಣೆಯಿಂದ ಬೆವರು ಇಳಿಯಿತು. ಚಟ್, ಚಟ್. ತಾನೇ ಕೈಯಾರೆ ಬಿತ್ತಿ, ಎಡೆಕುಂಟೆ ಹೊಡೆದ ಸಾಲು. ಬೆಕ್ಕು ಇಡೀ ಮೈ ಹೊರಗೆ ತಂದು ಬಾಲ ಎತ್ತಿದ್ದೇ ತಡ, ಅವನಿಂದ ಆಗಲಿಲ್ಲ.

"ಹೋ! ಹೋ! ನಿಮ್ಮವ್ವನ... ಹೋ!"

ಗಂಗುಬಾಯಿ ಒಂದು ಕಡೆ ಉರುಳಿದಳು. ಹಾವಗೆಪ್ಪ ಸತೀಶಕುಮಾರನನ್ನು ದಾಟಿ ಜೋಳದೊಳಗೆ ನುಗ್ಗಿದ. ಕೈಗೆ ಸಿಕ್ಕ ಹೆಂಟೆ ಎಸೆದ, ಧೋತರ ಬೀಸಿದ, ಕುಣಿದ, ಕೂಗಿದ. ಹಂದಿಗಳು ಮರಿಸಮೇತ ಹಳ್ಳಕ್ಕೆ ಧುಮುಕಿ ಗುಡ್ಡದ ಹಾದಿ ಹಿಡಿದವು. ಪಂಢರಿಯ ಕಡಲೆಯ ಕಡೆಗೂ ತಿರುಗಿ ನೋಡಲಿಲ್ಲ.

ಏದುಸಿರು ಬಿಡುತ್ತ ಹಿಂದಿರುಗಿದಾಗ ಕಲ್ಲುಗುಪ್ಪೆ ಖಾಲಿ. ಹಾವಗೆಪ್ಪ ಮುರಿದ ದಂಟೊಂದನ್ನು ಹಿಡಿದುಕೊಂಡು ನಿಂತ. "ಹೋಯ್ತು. ಅಪ್ಪನ ಬಂದೂಕು ಹೋಯ್ತು, ಗಂಗಾ."

ಸತೀಶಕುಮಾರ ಫೋನು ನೋಡುತ್ತ ಕೂತಿದ್ದ. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾನೋ ಎಂದು ಗಂಗುಬಾಯಿ ಬಗ್ಗಿ ನೋಡಿದರೆ, ನಗುತ್ತಿದ್ದ. ಚಿತ್ರದ ಮುಕ್ಕಾಲು ಭಾಗ ಹಾವಗೆಪ್ಪನ ಹಾರುತ್ತಿರುವ ಧೋತರ. ಮೂಲೆಯಲ್ಲಿ ಗಾಳಿಯಲ್ಲಿ ನೆಗೆದ ಬೆಕ್ಕಿನ ಹಿಂಭಾಗ; ಬಾಲದ ಕರಿ ಬಳೆಗಳು ಎಣಿಸುವಷ್ಟು ಸ್ವಚ್ಛ.

"ನನ್ನ ಕಣ್ಣಿಲೇ ನೋಡೀನಿ, ಫೋಟೋನೂ ಅದ. ಬೆಕ್ಕು ಗಟ್ಟಿ ಅದರಿ. ನಿಮ್ಮನ್ನ ಕಂಡು ಅಂಜಿ ಸಾಯದಿದ್ರ ಸಾಕು. ಬರದು ಕೊಡ್ತೇನಿ." ಆಮೇಲೆ ಮಲಗಿದ ಜೋಳದ ಕಡೆ ನೋಡಿದ. "ಇಷ್ಟು ವರ್ಷ ಹಂದಿ ಒಳಗ ಬಂದಿದ್ದಿಲ್ಲೇನ್ರಿ?"

"ಇಲ್ರಿ," ಅಂದಳು ಗಂಗುಬಾಯಿ. "ಇವತ್ತೇ ಬಂದಾವ. ಇವರು ಸುಮ್ಮ ಕೂತ ದಿನ." ಅಂದವಳು ತನ್ನ ಮಾತು ತನಗೇ ಕೇಳಿಸಿದ ಹಾಗೆ ತಡೆದು, ಗಂಡನ ಕಾಲಿನ ಕಡೆ ನೋಡಿದಳು. ಅದು ಆಗಲೇ ಮತ್ತೆ ಕುಣಿಯುತ್ತಿತ್ತು.

ಗಂಡಹೆಂಡಿರು ಬಂದೂಕು ಬಿಡಿಸಿಕೊಳ್ಳಲು ಹೋದಾಗ, ಔರಾದ ಠಾಣೆಯಲ್ಲಿ ಸಾಹೇಬರು ಬರುವ ತನಕ ಬೆಂಚಿನ ಮೇಲೆ ಕೂತಿರಿ ಎಂದರು. ಹಾವಗೆಪ್ಪ ಬೆಂಚು ಕುಣಿಸಿದ, ಎದ್ದು ಕಿಟಕಿ ನೋಡಿದ, ಬಾಗಿಲು ನೋಡಿದ, ಪೇದೆಯ ಮೇಜಿನ ಸುತ್ತ ಪ್ರದಕ್ಷಿಣೆ ಹಾಕಿದ. ಸಾಹೇಬರು ಬಂದ ಕೂಡಲೇ ಪೇದೆ ಕೈ ಮುಗಿದು, ಮೊದಲು ಇವರದೊಂದು ಮುಗಿಸಿ ಕಳಿಸ್ರಿ ಎಂದ.

ಚಿಂತಾಕಿಯ ಬಸ್ಸಿನಲ್ಲಿ ಪಂಢರಿಯೂ ಇದ್ದ. ಸುದ್ದಿ ಅವನಿಗೆ ಮುಟ್ಟಿತ್ತು.

"ಹಾವಗೆಪ್ಪಣ್ಣಾ," ಅಂದ. ಹಾವಗ್ಯಾ ಅನ್ನಲಿಲ್ಲ. "ನಾಳೆ ಸಂಜಿಗೆ ನನ್ನ ಕಡ್ಲಿ ಹೊಲಕ್ಕ ಬಂದು ಒಂದಿಷ್ಟು ಚಡಪಡಸ್ತಿ ಏನು? ಚಹಾ ಕೊಡ್ತೇನಿ, ನಿಂತೇ ಕುಡಿ."

ಹಾವಗೆಪ್ಪ ಬಾಗಿಲ ಕಂಬಿ ಹಿಡಿದು ನಿಂತಿದ್ದ. ಬಂದೂಕಿನ ಗಂಟು ಎದೆಗೆ ಒತ್ತಿಕೊಂಡಿದ್ದ. ಅದರ ತೂಕ ಕೈಗೆ ಮರಳಿದ ಸಮಾಧಾನ ಎರಡು ಸ್ಟಾಪಿನ ತನಕ ನಡೆಯಿತು. ಆಮೇಲೆ ಬಲಗಾಲು ಬಸ್ಸಿನ ತಗಡಿನ ಮೇಲೆ ತಾಳ ಹಿಡಿಯಿತು, ಕಣ್ಣು ಹೊಲಗಳಾಚೆಯ ಗುಡ್ಡ ಅಳೆಯತೊಡಗಿತು.

"ಬರ್ತೇನಿ ಪಂಢರಿ, ಅದೇನು ದೊಡ್ಡದಲ್ಲ. ಆದ್ರ ಅವು ಗುಡ್ಡದ ಬುಡಕ್ಕ ನಿಂತಾಗ ನನ್ನ ಕೈಯಾಗ ಒಂದು ಕಾಡಬೆ—"

ಗಂಗುಬಾಯಿ ಸೀಟಿನಿಂದ ಎದ್ದು ಸೆರಗಿನ ಸಮೇತ ಅಂಗೈಯನ್ನು ಗಂಡನ ಬಾಯಿಗೆ ಒತ್ತಿದಳು. ಚಿಂತಾಕಿ ಬರುವ ತನಕ ತೆಗೆಯಲಿಲ್ಲ.